ಪೆತ್ರೊನೆಲ ಆರಿಸಿದ ಮೋಟರ್

ಕೇಯ್ ದ್ವೀಪದ ವತ್ರಾನ್ ಊರಿನಲ್ಲಿ ಕಡಲಪಾಚಿ ಬೆಳೆಯುವ ಹದಿನಾಲ್ಕು ಹೆಂಗಸರಿಗೆ ಸೇರಿ ಒಂದೇ ದೋಣಿ. ಅದರ ಹಳೇ ಟೂ-ಸ್ಟ್ರೋಕ್ ಮೋಟರ್ ಕೊನೆಗೂ ಕೈಕೊಟ್ಟಿತು. ಹೊಸದು ಯಾವುದಿರಬೇಕು ಎಂದು ಹೆಂಗಸರನ್ನು ಕೇಳುವ ಮೊದಲೇ ಕ್ಲೆಮೆನ್ಸ್ ತೀರ್ಮಾನಿಸಿಬಿಟ್ಟಿದ್ದ. ಅವನು ಆ ಹೆಂಗಸರಲ್ಲೊಬ್ಬಳಾದ ಪೆತ್ರೊನೆಲಳ ಗಂಡನ ಅಣ್ಣ. ಮೂವತ್ತು ವರ್ಷ ದೋಣಿ ನಡೆಸಿದವನು, ದೋಣಿ ಕಟ್ಟುವ ಬಡಗಿಯೂ ಹೌದು. ಮತ್ತೆ ಟೂ-ಸ್ಟ್ರೋಕೇ ಇರಲಿ, ಹಗುರ, ಕೆಟ್ಟರೆ ಯಾರಾದರೂ ಬಿಚ್ಚಿ ಸರಿಮಾಡುತ್ತಾರೆ ಎಂದು ಹೆಂಗಸರ ಸಭೆಯಲ್ಲಿ ಹೇಳಿ, ಎಲ್ಲರೂ ಕೈ ಎತ್ತಿ ಎಂದ.

ಪೆತ್ರೊನೆಲ ಎತ್ತಲಿಲ್ಲ.

"ಯಾಕಮ್ಮಾ, ಕೈ ನೋವಾ?" ಎಂದು ಕ್ಲೆಮೆನ್ಸ್ ಕೆಣಕಿದ.

"ಕೈ ನೆಟ್ಟಗಿದೆ ಭಾವ. ಹೋದ ತಿಂಗಳು ಇದೇ ಕೈಯಲ್ಲಿ ಮೂರು ಗಂಟೆ ಹುಟ್ಟು ಹಾಕಿದ್ದೀನಿ."

ಆ ದಿನ ಎಲ್ಲರಿಗೂ ನೆನಪಿತ್ತು. ಹೆರಿಗೆ ನೋವು ಬಂದಿದ್ದ ಪೆತ್ರೊನೆಲಳ ತಂಗಿಯನ್ನು ಆಸ್ಪತ್ರೆಗೆ ಒಯ್ಯುವಾಗ ನೀರಿನ ಸೆಳೆತ ಎದುರಾಗಿ, ಅರ್ಧ ದಾರಿಯಲ್ಲೇ ಪೆಟ್ರೋಲ್ ಮುಗಿದಿತ್ತು. ಹತ್ತಿರದಲ್ಲೇ ಹಾದುಹೋದ ದೋಣಿಯನ್ನು ಪೆತ್ರೊನೆಲ ಗಂಟಲು ಹರಿಯುವಂತೆ ಕೂಗಿದಳು. ತನ್ನ ಮೋಟರಿನ ಅಬ್ಬರದಲ್ಲಿ ಆ ದೋಣಿಯವನಿಗೆ ಏನೂ ಕೇಳಿಸಲಿಲ್ಲ. ಮಗು ದೋಣಿಯಲ್ಲೇ ಹುಟ್ಟಿತು. ದಡ ಮುಟ್ಟುವ ಹೊತ್ತಿಗೆ ತಂಗಿಯ ತುಟಿ ಬಿಳಿಚಿಕೊಂಡಿತ್ತು. ತಾಯಿ ಮಗು ಉಳಿದದ್ದೇ ಹೆಚ್ಚು.

ಅವತ್ತು ಚುಕ್ಕಾಣಿ ಹಿಡಿದಿದ್ದವನು ಕ್ಲೆಮೆನ್ಸನೇ. ಅವನ ದನಿ ತಗ್ಗಿತು. "ಪೆಟ್ರೋಲ್ ಕಮ್ಮಿ ಹಾಕಿದ್ದು ನನ್ನ ತಪ್ಪು. ಮೋಟರಿಂದಲ್ಲ."

"ಊರಲ್ಲಿ ಇದ್ದಿದ್ದೇ ಅಷ್ಟು ಭಾವ. ಇದ್ದಷ್ಟರಲ್ಲೇ ದೂರ ಹೋಗೋ ಮೋಟರ್ ಬೇಕು ನಂಗೆ."

ಮರುವಾರ ಅವಳು ಪಕ್ಕದೂರಿನ ಮೋಟರ್ ಮೆಕ್ಯಾನಿಕ್ ನೊವೆರಿತಾಳನ್ನು ಕರೆತಂದಳು. ನೊವೆರಿತಾ ಹಳೇ ಮೋಟರಿನಷ್ಟೇ ಶಕ್ತಿಯ ಫೋರ್-ಸ್ಟ್ರೋಕ್ ಒಂದನ್ನು ಜೊತೆಗೆ ತಂದಿದ್ದಳು. ಅದರ ದೋಷವನ್ನೇ ಮೊದಲು ಹೇಳಿದಳು.

"ಹಳೇದಕ್ಕಿಂತ ಇದು ಭಾರ, ಬೆಲೆನೂ ಜಾಸ್ತಿ. ಆದ್ರೆ ಪೆಟ್ರೋಲ್ ಕಮ್ಮಿ ಕುಡಿಯುತ್ತೆ, ಅದಕ್ಕೆ ಆಯಿಲ್ ಬೆರೆಸೋ ರಗಳೆ ಇಲ್ಲ, ಹೊಗೆ ಕಮ್ಮಿ, ಸದ್ದು ಕಮ್ಮಿ. ಇದರ ಆಯಿಲ್ ಮೋಟರೊಳಗೇ ಬೇರೆಯಾಗಿ ಇರುತ್ತೆ. ಹೊತ್ತಿಗೆ ಸರಿಯಾಗಿ ಬದಲಾಯಿಸ್ದಿದ್ರೆ ಮೋಟರ್ ಹಾಳು."

"ಯಾರು ಬದಲಾಯಿಸೋರು?" ಎಂದ ಕ್ಲೆಮೆನ್ಸ್.

"ನಾನು," ಎಂದಳು ಪೆತ್ರೊನೆಲ.

ಅವನು ನಕ್ಕ. ಮಾತು ಸಾಕು, ನೀರಿಗಿಳಿಯೋಣ ಎಂದು ಅವಳು ಸವಾಲು ಹಾಕಿದಳು. ಒಂದೇ ಅಳತೆಯ ಎರಡು ದೋಣಿ. ಒಂದಕ್ಕೆ ಕ್ಲೆಮೆನ್ಸನ ಅಷ್ಟೇ ಶಕ್ತಿಯ ಸ್ವಂತ ಟೂ-ಸ್ಟ್ರೋಕ್, ಇನ್ನೊಂದಕ್ಕೆ ಫೋರ್-ಸ್ಟ್ರೋಕ್; ಅದರ ಚುಕ್ಕಾಣಿ ಪೆತ್ರೊನೆಲಳ ಕೈಯಲ್ಲಿ. ಎರಡಕ್ಕೂ ಐದೈದು ಲೀಟರ್ ಪೆಟ್ರೋಲ್, ನಾಲ್ಕು ನಾಲ್ಕು ಮೂಟೆ ಹಸಿ ಪಾಚಿ. ಇದು ಓಟದ ಪಂದ್ಯವಲ್ಲ, ಅಕ್ಕಪಕ್ಕದಲ್ಲೇ ಒಂದೇ ವೇಗದಲ್ಲಿ ಹೋಗಬೇಕು ಎಂದು ನೊವೆರಿತಾ ಕಟ್ಟುನಿಟ್ಟಾಗಿ ಹೇಳಿದಳು.

ಎದುರಿನ ನಡುಗಡ್ಡೆಗೆ ಹೋಗಿ ಬಂದರು, ಮತ್ತೆ ಹೋಗಿ ಬಂದರು. ಮೂರನೇ ಸಲ ಹಿಂದಿರುಗುವಾಗ ಕ್ಲೆಮೆನ್ಸನ ಮೋಟರ್ ಕೆಮ್ಮಿ ನಿಂತಿತು. ಹಗ್ಗ ಎಸೆ ಎಂದು ಅವನು ಹಿಂದಿನಿಂದ ಕೂಗಿದ್ದು, ತನ್ನ ಮೋಟರ್ ಓಡುತ್ತಿದ್ದರೂ, ಪೆತ್ರೊನೆಲಳಿಗೆ ಕೇಳಿಸಿತು. ಅವನ ದೋಣಿಯನ್ನು ಕಟ್ಟಿ ಎಳೆದು ತಂದಳು. ಅವಳ ಟ್ಯಾಂಕಿನಲ್ಲಿ ಪೆಟ್ರೋಲ್ ಇನ್ನೂ ಉಳಿದಿತ್ತು.

ದಡಕ್ಕಿಳಿದ ಕ್ಲೆಮೆನ್ಸ್ ಹೆಂಗಸರ ದೋಣಿಯ ಬಳಿಗೆ ಹೋದ. ಮೋಟರ್ ಕೂರಿಸುವ ಅದರ ಹಿಂಬದಿಯ ಹಲಗೆಯನ್ನು ತಟ್ಟಿ ನೋಡಿ, "ಇದು ಅಷ್ಟು ಭಾರ ತಾಳಲ್ಲ. ದಪ್ಪ ಮರ ಹಾಕ್ಬೇಕು. ನಾಳೆ ಬೆಳಿಗ್ಗೆ ಬರ್ತೀನಿ," ಎಂದ.

ಹೆಂಗಸರೆಲ್ಲ ಒಪ್ಪಿ ಫೋರ್-ಸ್ಟ್ರೋಕ್ ತಂದರು. ಇಪ್ಪತ್ತು ಗಂಟೆ ಓಡಿದ ಮೇಲೆ ಮೊದಲ ಸಲ ಆಯಿಲ್ ಬದಲಿಸುವ ದಿನ ಕ್ಲೆಮೆನ್ಸ್ ಸ್ಪ್ಯಾನರಿಗೆ ಕೈ ಚಾಚಿದ. ನೊವೆರಿತಾಳಿಂದ ಕೆಲಸ ಕಲಿತಿದ್ದ ಪೆತ್ರೊನೆಲ ಕೊಡಲಿಲ್ಲ.

"ಪಕ್ಕದಲ್ಲಿ ಕೂತು ನೋಡಿ ಭಾವ. ನೀವೂ ಕಲೀಬಹುದು."

ಅವನು ಕೂತು ನೋಡಿದ.

ದೋಣಿ ಇರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ದಡದ ಆಸುಪಾಸಿನಲ್ಲೇ ಓಡಾಡಿ, ದಿನವೂ ಮೋಟರನ್ನು ಹೆಗಲ ಮೇಲೆ ಹೊತ್ತು ಮನೆಗೊಯ್ಯುವವರಿಗೆ ಟೂ-ಸ್ಟ್ರೋಕ್ ಸಾಕಾಗಬಹುದು. ದೂರ ಹೋಗುವವರು, ದಿನವಿಡೀ ಓಡಿಸುವವರು ಫೋರ್-ಸ್ಟ್ರೋಕನ್ನು ನಿಮ್ಮದೇ ನೀರಿನಲ್ಲಿ, ನಿಮ್ಮದೇ ಹೊರೆ ಹೇರಿ ಪರೀಕ್ಷಿಸಿ. ಹಲಗೆ ಭಾರ ತಾಳುತ್ತದೆಯೇ, ಬಿಡಿಭಾಗ ಹತ್ತಿರದಲ್ಲಿ ಸಿಗುತ್ತದೆಯೇ ಎಂದು ಕೇಳಿ. ಇದೆಲ್ಲ ನಿಮಗೆ ತಿಳಿಯುವುದಿಲ್ಲ ಎನ್ನುವವರಿಗೆ ಹೆದರಬೇಡಿ. ಕಡಲಿಗೆ ಇಳಿಯುವವರು ನೀವು. ಉತ್ತರ ಸಿಗುವ ತನಕ ಒಪ್ಪಬೇಡಿ.