ಎಡಗಡೆಯ ಬ್ರೇಕು

ಗುಜರಿಗೆ ಹಾಕಿದ್ದರೆ ಆ ಕಾರಿಗೆ ಎಷ್ಟು ಬರುತ್ತಿತ್ತೋ, ಅದನ್ನು ದೂರದ ಪ್ರಯಾಣಕ್ಕೆ ಸಜ್ಜು ಮಾಡಲು ಅದರ ಎರಡರಷ್ಟು ಖರ್ಚಾಯಿತು. ಟಯರುಗಳಿಗೆ ನನ್ನ ಒಂದು ಜೊತೆ ಬಳೆ ಹೋಯಿತು. ಬ್ಯಾಟರಿ, ರೇಡಿಯೇಟರಿನ ಪೈಪು, ಬ್ರೇಕಿನ ಲೈನಿಂಗು ಇವಕ್ಕೆಲ್ಲ ಚಪಾತಿ ಮಾರಿ ಕೂಡಿಸಿಟ್ಟಿದ್ದ ಹಣ. ಗುಜರಿಯವನು ನೋಡಲು ಬಂದಾಗ ಬಾಗಿಲು ತೆಗೆದು ಒಳಗೆ ಬಗ್ಗಿ, ಎಡಗಡೆ ಕೂರುವವರ ಕಾಲ ಬಳಿ ಇದ್ದ ಎರಡು ಪೆಡಲುಗಳನ್ನು ತೋರಿಸಿದ್ದ. "ಕಲಿಸೋ ಕಾರು ಅಲ್ವಮ್ಮ ಇದು? ನೂರು ಜನ ತುಳಿದಿರೋದು. ಕಬ್ಬಿಣದ ಬೆಲೆಗಿಂತ ಜಾಸ್ತಿ ಬರಲ್ಲ," ಅಂದಿದ್ದ. ಆ ಪೆಡಲುಗಳ ರಬ್ಬರು ಸವೆದು ಒಳಗಿನ ಲೋಹ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅಷ್ಟು ವರ್ಷ ಅವುಗಳ ಮೇಲೆ ಇದ್ದದ್ದು ನೂರು ಜನರ ಕಾಲಲ್ಲ, ನಮ್ಮ ಮನೆಯವರ ಕಾಲು.

ಅವರು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಸ್ಕೂಲ್ ಅಂದರೆ ಈ ಒಂದು ಕಾರು, ಅದರ ತಲೆಯ ಮೇಲೊಂದು ಹಳದಿ ಬೋರ್ಡು, ಅಷ್ಟೇ. ಕಲಿಯುವವರು ಬಲಗಡೆ ಸ್ಟಿಯರಿಂಗ್ ಹಿಡಿದರೆ, ಇವರು ಎಡಗಡೆ ಕೂತು ತಮ್ಮ ಕಾಲ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇಟ್ಟುಕೊಂಡಿರುತ್ತಿದ್ದರು. ಕಲಿಯುವವರು ಗಾಬರಿಯಾದರೆ ಇವರ ಕಾಲು ಕಾರನ್ನು ನಿಲ್ಲಿಸುತ್ತಿತ್ತು. ಊರಿನಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು.

ಕೊನೆಯ ವರ್ಷಗಳಲ್ಲಿ ಅವರು ಇದ್ದಕ್ಕಿದ್ದಂತೆ ಕಲಿಯಲು ಬಂದವರನ್ನೆಲ್ಲ ವಾಪಸು ಕಳಿಸತೊಡಗಿದರು. ಕೇಳಿದರೆ "ಸಾಕಾಯ್ತು" ಅನ್ನುತ್ತಿದ್ದರು. ಮನೆ ನಡೆಯಬೇಕಲ್ಲ, ನಾನು ಚಪಾತಿ ಮಾಡಿ ಹೋಟೆಲುಗಳಿಗೆ ಕೊಡಲು ಶುರುಮಾಡಿದೆ. ಸೋಮಾರಿ ಅಂತ ಅವರನ್ನು ಬಯ್ದದ್ದೂ ಉಂಟು. ಅದಕ್ಕೆ ಅವರು ನಗುತ್ತಿದ್ದರು. ಆದರೆ ಬೆಳಿಗ್ಗೆ ಆರಕ್ಕೆ ಹಿಟ್ಟಿನ ಕೈ ತೊಳೆಸಿ ನನ್ನನ್ನು ಕಾರಿಗೆ ಹತ್ತಿಸುವುದನ್ನು ಮಾತ್ರ ಬಿಡಲಿಲ್ಲ. ನೀರಿನ ಟ್ಯಾಂಕಿನ ಏರಿನಲ್ಲಿ ಕಾರು ಹಿಂದಕ್ಕೆ ಜಾರುವಾಗ ನಾನು ಕಿರುಚುತ್ತಿದ್ದೆ. "ನಾನು ಹಿಡ್ಕೊಂಡಿದೀನಿ, ನೀನು ಹೋಗು," ಅನ್ನುತ್ತಿದ್ದರು. ಆ ಮಾತು ಕೇಳಿದ ಮೇಲೆ ಹೋಗುತ್ತಿದ್ದೆ. ಲೈಸೆನ್ಸು ಬಂದ ಮೇಲೂ ಅವರು ಪಕ್ಕದಲ್ಲಿ ಇಲ್ಲದೆ ನಾನು ಒಂದು ದಿನವೂ ಕಾರು ತೆಗೆದಿರಲಿಲ್ಲ.

ಅವರ ಸಾವು ಚಪ್ಪಲಿಯ ಮೊಳೆಯಿಂದ ಬಂತು. ಒಂದು ಸಂಜೆ ನೆಲ ಒರೆಸುವಾಗ ಬಾಗಿಲಿನಿಂದ ಕುರ್ಚಿಯವರೆಗೆ ಕೆಂಪು ಗುರುತು ಕಂಡೆ. ಮೊಳೆ ಅಟ್ಟೆ ತೂರಿ ಅಂಗಾಲಿಗೆ ಹೊಕ್ಕಿತ್ತು. ದಿನವಿಡೀ ಹಾಗೇ ಓಡಾಡಿದ್ದರು. "ನೋವಾದ್ರೆ ಬಾಯಿಬಿಟ್ಟು ಹೇಳೋಕಾಗಲ್ವ ನಿಮಗೆ?" ಅಂತ ರೇಗಿದೆ. ಮೊಳೆ ಹೊಕ್ಕ ಜಾಗದ ಪಕ್ಕದಲ್ಲಿ ಹಳೆಯದೊಂದು ಗಾಯ ಆಗಲೇ ಕಪ್ಪಾಗಿತ್ತು. ಅದು ನಂಜಾಗಿ ಮೇಲಕ್ಕೇರಿತು. ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ.

ಬಾಡಿಗೆ ಮನೆ ಬಿಡಬೇಕಾಯಿತು. ದೇಶದ ಇನ್ನೊಂದು ತುದಿಯಲ್ಲಿ ನಮ್ಮ ಕಡೆಯವರು ನಡೆಸುತ್ತಿದ್ದ ಹಾಸ್ಟೆಲೊಂದಕ್ಕೆ ಅಡುಗೆಮನೆ ನೋಡಿಕೊಳ್ಳುವವರು ಬೇಕಾಗಿದ್ದರು. ಇರಲು ಕೋಣೆ, ಎರಡು ಹೊತ್ತು ಊಟ, ಸಂಬಳ. ಪೇಟೆ ದೂರ, ಆದ್ದರಿಂದ ಸ್ವಂತ ಗಾಡಿಯಲ್ಲಿ ದಿನಸಿ ತರಬಲ್ಲವರಿಗೇ ಕೆಲಸ ಅಂದಿದ್ದರು. ಕಾರಿಲ್ಲದೆ ಹೋದರೆ ಕೆಲಸವಿಲ್ಲ. ಕಾರು ಅಲ್ಲಿಗೆ ಮುಟ್ಟಬೇಕಾದರೆ ಯಾರಾದರೂ ಓಡಿಸಬೇಕು.

ನನ್ನ ಮೈದುನ ಸೋಮಶೇಖರ ಬಂದು ಜಗಲಿಯ ಮೇಲೆ ಕೂತ.

"ಅತ್ತಿಗೆ, ಅಣ್ಣ ಪಕ್ಕದಲ್ಲಿ ಕೂತು ಬ್ರೇಕ್ ಹಾಕ್ತಿದ್ದ, ನೀವು ಸ್ಟಿಯರಿಂಗ್ ತಿರುಗಿಸ್ತಿದ್ರಿ. ಅದನ್ನ ಕಾರ್ ಓಡಿಸೋದು ಅಂತಾರಾ?"

"ಲೈಸೆನ್ಸ್ ಪುಕ್ಕಟೆ ಕೊಟ್ರಾ ನನಗೆ?"

"ಲೈಸೆನ್ಸ್ ಘಾಟಿ ಇಳಿಸಲ್ಲ. ಒಬ್ಬ ಡ್ರೈವರನ್ನ ಗೊತ್ತುಮಾಡ್ತೀನಿ."

"ಹೋಗೋ ಬರೋ ಖರ್ಚು ನೀನು ಕೊಡ್ತೀಯೇನಪ್ಪ?"

ಮಾತಿಗೆ ಜಗ್ಗಲಿಲ್ಲ ನಾನು, ಆದರೆ ಅವನು ಹೇಳಿದ್ದು ಸುಳ್ಳು ಅಂತ ನನಗೆ ಅನಿಸಿರಲಿಲ್ಲ. ಮಲಗಿದಾಗಲೆಲ್ಲ ಘಾಟಿಯ ತಿರುವು ಕಣ್ಣಮುಂದೆ ಬರುತ್ತಿತ್ತು, ಪಕ್ಕದ ಸೀಟು ಖಾಲಿ ಇರುತ್ತಿತ್ತು.

ಕಾರು ರಿಪೇರಿ ಮಾಡುತ್ತಿದ್ದವರು ಲಾಜರಣ್ಣ. ಮೊದಲ ದಿನದಿಂದ ಆ ಕಾರಿನ ಮೇಲೆ ಅವರದೊಬ್ಬರದೇ ಕೈ. ಹೊರಡುವ ವಾರ ನಾನು ಸಾಮಾನು ಜೋಡಿಸಿ ನೋಡಿದೆ. ಹಿಂದಿನ ಸೀಟಿಗೆ ಪಾತ್ರೆ, ಹಾಸಿಗೆ. ಡಿಕ್ಕಿಗೆ ಸ್ಟೆಪ್ನಿ, ನೀರಿನ ಕ್ಯಾನು, ಬಟ್ಟೆಯ ಪೆಟ್ಟಿಗೆ. ಉಳಿದದ್ದು ರುಬ್ಬುವ ಕಲ್ಲು. ಅದಕ್ಕೆ ಮುಂದಿನ ಎಡಗಡೆಯ ಕಾಲಿಡುವ ಜಾಗ ಒಂದೇ ಇತ್ತು.

"ಲಾಜರಣ್ಣ, ಆ ಪೆಡಲ್ ಬಿಚ್ಚಿಬಿಡಿ. ಕಲ್ಲು ಅಲ್ಲಿಡ್ತೀನಿ," ಅಂದೆ.

ಅವರು ಕಾರಿನ ಅಡಿಯಲ್ಲಿ ಮಲಗಿದ್ದರು. ಕಾಲು ಮಾತ್ರ ಕಾಣುತ್ತಿತ್ತು. "ಕಲ್ಲು ಯಾಕೆ ಹೊರ್ತೀರಿ ಅಕ್ಕೋರೆ? ಅಲ್ಲೇನು ಜನ ರುಬ್ಬಲ್ವ?"

"ರೊಟ್ಟಿ ಜನ ಅವರು. ನನ್ನ ಕರೆಸ್ಕೊಳ್ತಿರೋದೇ ದೋಸೆಗೆ."

"ಹಂಗಾದ್ರೆ ಇಟ್ಕೊಳ್ಳಿ. ಬಿಚ್ಚೋದೇನೂ ಬೇಡ."

"ಬ್ರೇಕ್ ಮೇಲೆ ಕಲ್ಲು ಕೂತ್ರೆ ಗಾಡಿ ಮುಂದಕ್ಕೆ ಹೋಗತ್ತಾ?"

"ಧಾರಾಳವಾಗಿ ಹೋಗತ್ತೆ. ಅದಕ್ಕೂ ಇದಕ್ಕೂ ಸಂಬಂಧ..."

ಮಾತು ಅಲ್ಲಿಗೆ ನಿಂತಿತು. ಸ್ಪ್ಯಾನರಿನ ಸದ್ದೂ ನಿಂತಿತು.

ನಾನು ಮಂಡಿಯೂರಿ ಎಡಗಡೆಯ ಬ್ರೇಕನ್ನು ಕೈಯಿಂದ ಒತ್ತಿದೆ. ಅದು ಸಡಿಲವಾಗಿ ಕೆಳಗೆ ಹೋಯಿತು. ಬಲಗಡೆಯ ಬ್ರೇಕು ಕದಲಲಿಲ್ಲ. ಮತ್ತೊಮ್ಮೆ ಒತ್ತಿದೆ. ಆ ಪೆಡಲು ಏನನ್ನೂ ಹಿಡಿದಿರಲಿಲ್ಲ.

ಲಾಜರಣ್ಣ ಹೊರಗೆ ಬಂದು ಚಿಂದಿಯಲ್ಲಿ ಕೈ ಒರೆಸಿದರು, ಒರೆಸುತ್ತಲೇ ಇದ್ದರು.

"ಯಾವಾಗಿಂದ ಹೀಗಿದೆ ಇದು?"

"ಮೂರು ವರ್ಷದ ಮೇಲಾಯ್ತು. ನಾನೇ ಕಳಚಿದ್ದು. ಮೇಷ್ಟ್ರು ಹೇಳಿದ್ರು."

ನಾನು ಅಲ್ಲೇ ಕಾರಿನ ಬಾಗಿಲಿಗೆ ಒರಗಿ ಕೂತೆ. ನೀರಿನ ಟ್ಯಾಂಕಿನ ಏರು, ಸಂತೆ ದಿನದ ಬೀದಿ, ಮಳೆಯಲ್ಲಿ ಅಡ್ಡ ಬಂದ ಎಮ್ಮೆ, ಎಲ್ಲ ಕಡೆಯೂ ಅವರು ನಿಲ್ಲಿಸಿದರು ಅಂದುಕೊಂಡಿದ್ದೆ. ನಿಲ್ಲಿಸಿದವಳು ನಾನೇ ಆಗಿದ್ದೆ.

"ಯಾಕಂತೆ?"

"ಒಂದಿನ ಕಲಿಯೋ ಹುಡುಗಿ ಜೊತೆ ಬರ್ತಿದ್ರಂತೆ. ಎದುರಿಗೆ ಗಾಡಿ ಬಂತು, ಇವರು ಬ್ರೇಕ್ ಒತ್ತಿದೀನಿ ಅಂದ್ಕೊಂಡ್ರು. ಬಗ್ಗಿ ನೋಡಿದ್ರೆ ಕಾಲು ಪೆಡಲಿನ ಪಕ್ಕದಲ್ಲಿದೆ, ಚಪ್ಪಲಿ ಕಳಚಿ ಆ ಕಡೆ ಬಿದ್ದಿದೆ. ಎರಡೂ ಗೊತ್ತಾಗಿಲ್ಲ ಅವರಿಗೆ. ಹುಡುಗೀನೇ ನಿಲ್ಸಿದ್ಲಂತೆ. ನೇರ ನನ್ನ ಹತ್ರ ಬಂದ್ರು. ಕಾಲಿಗೆ ಏನೂ ತಿಳೀತಿಲ್ಲ ಲಾಜರ್, ಇನ್ಮೇಲೆ ಹೆರವರ ಮಕ್ಕಳನ್ನ ಕೂರಿಸ್ಕೊಳಲ್ಲ ಅಂದ್ರು."

"ನನ್ನ ಕೂರಿಸ್ಕೊಂಡ್ರಲ್ಲ."

"ಅದಕ್ಕೇ ಕಳಚಿಸಿದ್ದು. ಗೊತ್ತಿಲ್ಲದೆ ಒತ್ತಿಬಿಟ್ರೆ ನಿಮಗೆ ಅಪಾಯ ಅಂತ. ನನ್ನ ಕಾಲು ಹೋಗೋದ್ರೊಳಗೆ ಅವಳಿಗೆ ಕಾರು ಓಡಿಸೋಕೆ ಬರಬೇಕು, ಬ್ರೇಕಿಲ್ಲ ಅಂದ್ರೆ ಅವಳು ಹತ್ತಲ್ಲ, ಹೇಳ್ಬೇಡ ಅಂದ್ರು."

"ಬ್ರೇಕಿನ ವಿಷಯ ಹೇಳ್ಬೇಡ ಅಂದ್ರು, ಸರಿ. ಕಾಲಿನ ವಿಷಯ ಹೇಳ್ಬಹುದಿತ್ತಲ್ಲ ಲಾಜರಣ್ಣ."

ಅವರು ನೆಲ ನೋಡುತ್ತ, "ಒಂದು ಹೇಳಿದ್ರೆ ಇನ್ನೊಂದೂ ಹೇಳ್ಬೇಕಾಗ್ತಿತ್ತು ಅಕ್ಕೋರೆ," ಅಂದರು. ಚಿಂದಿಯನ್ನು ಮಡಿಸಿಟ್ಟು, "ಮೊಳೆ ವಿಷಯ ಕೇಳಿದಾಗಿಂದ ನಿಮ್ಮ ಮುಖ ನೋಡಕ್ಕೆ ನನಗಾಗಿಲ್ಲ," ಅಂದರು.

ಅವರನ್ನು ಬಯ್ಯಬೇಕು ಅನಿಸಿತು. ಬಯ್ದು ಯಾರನ್ನು ವಾಪಸು ಕರೆಯುವುದು? ಮಾತು ಉಳಿಸಿಕೊಂಡ ಮನುಷ್ಯ ಅದರ ಭಾರ ನನಗಿಂತ ಹೆಚ್ಚು ಹೊತ್ತಿದ್ದ. ಒಳಗೆ ಹೋಗಿ ಕಾಫಿ ಮಾಡಿ ತಂದೆ. ಇಬ್ಬರೂ ಕುಡಿದೆವು. ಆಮೇಲೆ ಪೆಡಲುಗಳನ್ನು ಬಿಚ್ಚಿಸಿದೆ. ಅವನ್ನು ಕೈಗೆ ಕೊಡಲು ಬಂದರು. ಬೇಡ, ಬೇರೆ ಯಾವುದಾದರೂ ಗಾಡಿಗೆ ಹಾಕಿ, ಆದರೆ ಗಟ್ಟಿಯಾಗಿ ಸೇರಿಸಿ ಹಾಕಿ ಅಂದೆ.

ಮೈದುನ ಮತ್ತೆ ಡ್ರೈವರಿನ ಮಾತು ತಂದಾಗ ಬೇಡ ಅಂದೆ. ಈ ಸಲ ಧ್ವನಿಯಲ್ಲಿ ಜಗಳವಿರಲಿಲ್ಲ, ಅದಕ್ಕೇ ಇರಬೇಕು, ಅವನು ಒತ್ತಾಯಿಸಲಿಲ್ಲ. ಹೊರಡುವ ಬೆಳಿಗ್ಗೆ ಗಾಜು ಒರೆಸಿಕೊಟ್ಟು, "ನಿಧಾನ ಅತ್ತಿಗೆ," ಅಂದ, ಅಷ್ಟೇ.

ಮಧ್ಯಾಹ್ನ ಘಾಟಿ ಸಿಕ್ಕಿತು. ಮುಂದೆ ಮರದ ದಿಮ್ಮಿಯ ಲಾರಿ. ಅದು ನಿಂತಾಗಲೆಲ್ಲ ನಾನೂ ನಿಲ್ಲಿಸಿದೆ, ಅದು ಹೊರಟಾಗ ಹೊರಟೆ. ತಿರುವಿನಲ್ಲಿ ಪಕ್ಕಕ್ಕೆ ನೋಡಬೇಕು ಅನಿಸಿದರೂ ನೋಡಲಿಲ್ಲ. ರಸ್ತೆ ಬಯಲಿಗೆ ಇಳಿದಾಗ ಕಾಲು ಊದಿತ್ತು.

ಸಂಜೆ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದೆ. ಅಂಗಡಿಯ ಹೆಂಗಸು ನನ್ನ ಕಾಲು ನೋಡಿ, ಕೇಳದೆಯೇ ಬಕೆಟಿನಲ್ಲಿ ಬಿಸಿನೀರು ತಂದಿಟ್ಟಳು. ಬೆಂಚಿನ ಮೇಲೆ ಕೂತು ಕಾಲು ಇಳಿಬಿಟ್ಟೆ. ಬಿಸಿ ತಾಗಿ ಪಟ್ಟನೆ ಎಳೆದುಕೊಂಡೆ. ಮತ್ತೆ ನಿಧಾನವಾಗಿ ಇಟ್ಟೆ. ಬೆರಳು ಬೆರಳಿಗೂ ನೀರು ಬೇರೆ ಬೇರೆಯಾಗಿ ತಿಳಿಯುತ್ತಿತ್ತು. ಹೀಗೆ ಒಂದೇ ಒಂದು ದಿನ ನಾನು ಅವರ ಕಾಲಿಗೆ ಬಿಸಿನೀರು ಹಾಕಿದ್ದರೆ ಸಾಕಿತ್ತು, ಅವರು ಎಳೆದುಕೊಳ್ಳದೆ ಇದ್ದದ್ದು ನನಗೆ ಕಾಣುತ್ತಿತ್ತು. ನೀರು ತಣ್ಣಗಾಗುವವರೆಗೆ ಅಲ್ಲೇ ಕೂತಿದ್ದೆ. ನನಗೆ ಕಾರು ಓಡಿಸಲು ಬಂತು. ಅವರು ಹೋದರು.