ಧಣಿಯ ಪಾಲಿನ ಕಾಲು

"ಲೇ ಕ್ವಿಂಟಾಲು, ಕಾಲಿಡೋ ಬೋಳಿಮಗನೆ! ಗಾಡಿ ಬಂದು ನಿಂತಿದೆ, ಆಕಾಶ ನೋಡ್ತಾ ನಿಂತಿದೀಯ."

ಇದನ್ನು ಧಣಿ ಹಲ್ಲಿನ ಸಂದಿಯಲ್ಲಿ ಹೇಳಿದ. ಊರಿಗೆ ಕೇಳುವಂತೆ ಹೇಳಿದ್ದು ಬೇರೆ: "ಗಾಡಿ ಹಿಡ್ಕೊಳ್ಳೋ, ಅಜ್ಜಿಗೆ ಪಾಪ ವಯಸ್ಸಾಗಿದೆ!"

ಕ್ವಿಂಟಾಲಣ್ಣ ಏದುಸಿರು ಬಿಡುತ್ತ ಬಂದ. ಖಾಲಿ ಗಾಡಿಯ ಹಿಡಿಕೆ ಹಿಡಿದು, ಎಡಗಾಲನ್ನು ನೆಲಕ್ಕೆ ಊರಿ, ಬಲಗಾಲನ್ನು ಸದ್ದಿಲ್ಲದೆ ತೂಕದ ಹಲಗೆಯ ಅಂಚಿಗೆ ಇಟ್ಟು ಭಾರ ಬಿಟ್ಟ. ಗೋಡೆಯ ಮೇಲಿನ ಕೆಂಪು ಅಂಕಿ ಮೆಲ್ಲಗೆ ಮೇಲೇರಿ ನಿಂತಿತು.

ಗುಜರಿ ಅಂಗಡಿಯಲ್ಲಿ ತುಂಬಿದ ಗಾಡಿಯನ್ನು ಮೊದಲು ತೂಗುತ್ತಾರೆ. ಸರಕು ಇಳಿಸಿದ ಮೇಲೆ ಖಾಲಿ ಗಾಡಿಯನ್ನು ತೂಗುತ್ತಾರೆ. ಅದರಲ್ಲಿ ಇದನ್ನು ಕಳೆದರೆ ಉಳಿಯುವುದು ಚಿಂದಿ ಆಯ್ದು ತಂದವರ ಪಾಲು. ಖಾಲಿ ಗಾಡಿ ಎಷ್ಟು ಭಾರವೋ ಅವರ ಪಾಲು ಅಷ್ಟು ಹಗುರ. ಖಾಲಿ ಗಾಡಿಯನ್ನು ಭಾರ ಮಾಡುವುದೇ ಕ್ವಿಂಟಾಲಣ್ಣನ ಉದ್ಯೋಗ. ದೇವರು ಮನುಷ್ಯನಿಗೆ ಎರಡು ಕಾಲು ಕೊಟ್ಟಿದ್ದಾನೆ, ಒಂದು ತನಗೆ, ಇನ್ನೊಂದು ಧಣಿಗೆ ಎಂದು ಅವನು ಬಹಳ ಹಿಂದೆಯೇ ಸಮಾಧಾನ ಮಾಡಿಕೊಂಡಿದ್ದ.

"ಅಲ್ಲ ಮಗಾ," ಅಜ್ಜಿ ಅಂಕಿಯ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು, "ನಾನು ದಿನಾ ಸಣ್ಣ ಆಗ್ತಿದೀನಿ, ನನ್ನ ಗಾಡಿ ಯಾಕೆ ದಿನಾ ದಪ್ಪ ಆಗ್ತಿದೆ?"

"ತುಕ್ಕು ಅಜ್ಜಿ, ತುಕ್ಕು," ಎಂದ ಧಣಿ. "ಕಬ್ಬಿಣ ತುಕ್ಕು ಹಿಡಿದ್ರೆ ಊದ್ಕೊಳ್ಳುತ್ತೆ."

ಊದಿಕೊಂಡಿದ್ದು ಕಬ್ಬಿಣವಲ್ಲ, ಕ್ವಿಂಟಾಲಣ್ಣನ ಕಾಲು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹೆಂಡತಿ ಪಕ್ಕೆಗೆ ಗುದ್ದಿದರೆ ಉಸಿರು ಮತ್ತೆ ಶುರುವಾಗುತ್ತಿತ್ತು. "ಒಂದಿನ ನಂಗೂ ಗಾಢ ನಿದ್ದೆ ಬಂದ್ರೆ ನಿನ್ ಕಥೆ ಮುಗೀತು ಕಣಯ್ಯಾ," ಎನ್ನುತ್ತಿದ್ದಳು ಅವಳು. ಅದೇ ಅಂಗಡಿಯ ಹಿಂಭಾಗದಲ್ಲಿ ಪ್ಲಾಸ್ಟಿಕ್ ಬಾಟಲಿಗಳ ಗುಡ್ಡದ ಮುಂದೆ ಕೂತು ಮುಚ್ಚಳ ತಿರುವಿ ತೆಗೆಯುವುದು ಅವಳ ಕೆಲಸ. ಆಸ್ಪತ್ರೆಯ ಡಾಕ್ಟರಮ್ಮನೂ ಹೆಂಡತಿಯ ಮಾತನ್ನೇ ಹೇಳಿದ್ದಳು: ಆಪರೇಷನ್ ಮಾಡಿ ಹೊಟ್ಟೆಯ ಚೀಲವನ್ನು ಚಿಕ್ಕದು ಮಾಡಬೇಕು, ಇಲ್ಲವಾದರೆ ಗುದ್ದು ಸಾಕಾಗದ ದಿನ ಬರುತ್ತದೆ.

ಖರ್ಚು ಕೊಡಬೇಕಾದದ್ದು ವಿಮೆ. ಸಂಬಳದಲ್ಲಿ ಅದಕ್ಕೆಂದು ಮುರಿದುಕೊಳ್ಳುವಾಗ ಇವನ ತೂಕವನ್ನು ಯಾರೂ ಕೇಳಿರಲಿಲ್ಲ. ಕೊಡುವ ಹೊತ್ತಿಗೆ ಎಲ್ಲರೂ ಕೇಳತೊಡಗಿದರು.

ವಿಮೆಯವನು ಆಸ್ಪತ್ರೆಯ ಮೂಲೆಯಲ್ಲಿ ಗಾಜಿನ ಕಿಂಡಿಯ ಹಿಂದೆ ಕೂರುತ್ತಿದ್ದ. ಕ್ವಿಂಟಾಲಣ್ಣ ಎದುರಿನ ಕುರ್ಚಿಯತ್ತ ಬಾಗಿದ ಕೂಡಲೇ ಕೈ ಎತ್ತಿದ.

"ಏಯ್, ನಿಂತ್ಕೋ, ನಿಂತ್ಕೋ. ಅದು ಆಸ್ಪತ್ರೆ ಕುರ್ಚಿ. ಸಿಗರೇಟು ಸೇದ್ತೀಯಾ?"

"ಸೇದ್ತೀನಿ ಸಾರ್."

"ಬಿಟ್ಟು ಬಾ. ಸೇದೋರ ಹೊಟ್ಟೆ ಕುಯ್ದರೆ ಗಾಯ ಮಾಯಲ್ಲ. ಮಾಯದ ಗಾಯಕ್ಕೆ ಕಂಪ್ನಿ ಕೊಡಲ್ಲ."

ಬಿಟ್ಟ. ಬಿಡುವುದೆಂದರೆ ಸುಮ್ಮನೆಯೇ? ನಾಯಿ ಬೊಗಳಿದರೂ ಸಿಟ್ಟು, ಬೊಗಳದಿದ್ದರೂ ಸಿಟ್ಟು. ಹಚ್ಚದ ಸಿಗರೇಟೊಂದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಆಗಾಗ ಅದನ್ನು ಮುಟ್ಟಿ ನೋಡಿಕೊಂಡು ದಿನ ದೂಡಿದ. ಜೀವ ತೀರಾ ಬಾಯಿಗೆ ಬಂದಾಗ ಒಂದು ಚಿಟಿಕೆ ಹೊಗೆಸೊಪ್ಪು ಕೆನ್ನೆಗೆ ಒತ್ತರಿಸಿಕೊಂಡ. ತಾನು ಗೆದ್ದೆ ಎಂದು ದೇವರಿಗೆ ಕೈಮುಗಿದು ಪರೀಕ್ಷೆಗೆ ಹೋದ. ಎಂಜಲು ತೆಗೆದುಕೊಂಡರು. ಎಂಜಲು ಚಾಡಿ ಹೇಳಿತು.

"ಸೇದಿದೀಯ!" ಎಂದ ವಿಮೆಯವನು.

"ದೇವರಾಣೆ ಇಲ್ಲ ಸಾರ್. ಬರೀ ಅಗಿದಿದ್ದು."

"ಅಗಿದ್ರೂ ಅದೇ ವಿಷ ಅಲ್ವೇನೋ?"

"ನೀವು ಸೇದ್ಬೇಡ ಅಂದ್ರಿ. ಅಗೀಬೇಡ ಅಂದ್ರಾ?"

ಕಿಂಡಿಯ ಹಿಂದಿನ ಇಬ್ಬರು ಹುಡುಗಿಯರು ಮೇಜಿಗೆ ತಲೆಯಿಟ್ಟು ನಕ್ಕರು. ಇವನೂ ನಕ್ಕ. ಹೊರಗೆ ಬಂದಾಗ ಹೆಂಡತಿ ಮಾತ್ರ ನಗಲಿಲ್ಲ. "ಸಾಯೋಕೂ ಒಂದು ಬುದ್ಧಿ ಬೇಕಲ್ಲಯ್ಯಾ," ಎಂದು ಅವನ ಜೇಬಿನ ಡಬ್ಬಿಯನ್ನು ಕಿತ್ತು ಚರಂಡಿಗೆ ಎಸೆದಳು.

ಧಣಿಗೆ ಸುದ್ದಿ ಮುಟ್ಟಿದ ದಿನದಿಂದ ಅವನ ಕೈ ದಾನಶೂರನದಾಯಿತು. ನೀರಿಗೂ ಮುಖ ಸಿಂಡರಿಸುವವನು ಬೆಳಿಗ್ಗೆ ಎದ್ದು ಸಿಗರೇಟು ಹಂಚತೊಡಗಿದ.

"ತಗೊಳ್ಳೋ, ಫಾರಿನ್ನು."

"ಬಿಟ್ಟಿದೀನಿ ಧಣಿ."

"ಬಿಟ್ಟು ಏನು ಕಿಸೀತೀಯ? ನೋಡು, ನಿನ್ನ ಹೊಟ್ಟೆ ನಿನ್ನದು ಅನ್ಕೊಂಡಿದೀಯ. ಇಷ್ಟು ವರ್ಷ ಕೂಳು ಹಾಕಿ ಬೆಳೆಸಿದ್ದು ನಾನು. ತೂಕ ಇಳೀತು ಅಂದ್ರೆ ಕೆಲ್ಸದಿಂದಾನೂ ಇಳೀಬೇಕಾಗುತ್ತೆ. ಸಣ್ಣಗಿರೋರು ನನಗೆ ಬೇಕಾದಷ್ಟು ಸಿಕ್ತಾರೆ."

ಕ್ವಿಂಟಾಲಣ್ಣ ಕಿವಿಯ ಹಿಂದೆ ಮುಟ್ಟಿ ನೋಡಿಕೊಂಡ.

ಮತ್ತೊಂದು ಪರೀಕ್ಷೆಯಲ್ಲಿ ಎಂಜಲು ಶುದ್ಧವಾಗಿತ್ತು. ಗಂಡ ಹೆಂಡತಿ ಇಬ್ಬರೂ ಒಗೆದ ಬಟ್ಟೆ ಹಾಕಿಕೊಂಡು ಕಿಂಡಿಯ ಮುಂದೆ ನಿಂತರು. ವಿಮೆಯವನು ಅವನನ್ನು ಆಸ್ಪತ್ರೆಯ ತೂಕದ ಯಂತ್ರ ಹತ್ತಿಸಿದ. ಮುಳ್ಳು ಕಡೆಯ ಗೆರೆಗೆ ಓಡಿಹೋಗಿ ಅಲ್ಲೇ ತಲೆ ಚಚ್ಚಿಕೊಂಡಿತು.

"ಇದ್ರಲ್ಲಿ ಬರಲ್ಲ. ತೂಕ ಇಷ್ಟೇ ಅಂತ ಗೊತ್ತಾಗ್ದೆ ಕಂಪ್ನಿ ಹೇಗೆ ನಂಬುತ್ತೆ?"

"ಕಣ್ಣಲ್ಲಿ ಕಾಣ್ತಿದೀನಲ್ಲ ಸಾರ್!"

"ಕಣ್ಣಲ್ಲಿ ಕಂಡಿದ್ದಕ್ಕೆಲ್ಲ ಕಂಪ್ನಿ ಕೊಡುತ್ತೇನೋ? ಹೋಗು, ಯಾವುದಾದ್ರೂ ಗುಜರಿ ಅಂಗ್ಡೀಲಿ ದೊಡ್ಡ ತೂಕ ಇರುತ್ತೆ. ಅದರ ಮೇಲೆ ನಿಂತು ಮೆಷಿನ್ ಚೀಟಿ ತಗೊಂಡ್ ಬಾ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವರ್ಷಗಟ್ಟಲೆ ಆ ಹಲಗೆಯ ಮೇಲೆ ಕಾಲಿಟ್ಟವನು ತಾನು ಎಷ್ಟು ತೂಗುತ್ತೇನೆಂದು ಒಂದು ದಿನವೂ ನೋಡಿಕೊಂಡಿರಲಿಲ್ಲ.

ಮರುದಿನ ಅಂಗಡಿಯ ಮುಂದೆ ಗಾಡಿಗಳು ಸಾಲುಗಟ್ಟಿದ್ದವು. ಅಜ್ಜಿಯ ಸರಕು ಇಳಿಸಿಯಾಗಿತ್ತು. ಖಾಲಿ ಗಾಡಿ ಹಲಗೆಯ ಮೇಲಿತ್ತು. ಕ್ವಿಂಟಾಲಣ್ಣ ವಿನಯದಿಂದಲೇ ಕೇಳಿದ.

"ಧಣಿ, ನನ್ನ ತೂಕದ್ದೊಂದು ಚೀಟಿ ಬೇಕಿತ್ತು. ವಿಮೆಗೆ."

"ನಿನ್ನಮ್ಮನ ವಿಮೆ! ಹಲಗೆ ಇರೋದು ಸರಕಿಗೆ. ನೀನು ಸರಕೇನೋ ಹಡಬೆ? ಮುಚ್ಕೊಂಡು ಗಾಡಿ ಹಿಡಿ."

ಕ್ವಿಂಟಾಲಣ್ಣ ಗಾಡಿ ಹಿಡಿದ. ಬಲಗಾಲನ್ನು ಅಂಚಿಗೆ ಇಟ್ಟ. ಅಂಕಿ ಮೇಲೇರಿತು. ಅಲ್ಲಿಗೆ ನಿಲ್ಲಬೇಕಿತ್ತು. ಅವನು ಒಂದು ಉಸಿರು ಒಳಗೆ ಎಳೆದುಕೊಂಡ, ಸಿಕ್ಕಷ್ಟು. ಮೊಣಕೈಯಿಂದ ಗಾಡಿಯನ್ನು ಹಲಗೆಯಿಂದಾಚೆಗೆ ನೂಕಿದ. ಅಂಕಿ ಇಳಿಯಿತು, ಆದರೆ ಸೊನ್ನೆಗೆ ಬರಲಿಲ್ಲ. ಗಾಡಿಯಿಲ್ಲದ ಹಲಗೆಯ ಮೇಲೆ ಒಂದೇ ಒಂದು ಹರಿದ ಚಪ್ಪಲಿಯ ಕಾಲು, ಗೋಡೆಯ ಮೇಲೆ ಅದರ ಕೆಂಪು ಲೆಕ್ಕ. ಸಾಲಿನವರೆಲ್ಲ ಕತ್ತು ಚಾಚಿದರು.

ಆಮೇಲೆ ಅವನು ಎಡಗಾಲನ್ನೂ ಎತ್ತಿ ಹಲಗೆಯ ಮೇಲಿಟ್ಟ. ಅಂಕಿ ಗಿರ್ರನೆ ತಿರುಗಿ ನಿಂತಿತು. ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದರು.

"ಹಂಗಾದ್ರೆ ನನ್ನ ಗಾಡಿ ತುಕ್ಕು ನೀನೇನಾ ಮಗಾ?" ಎಂದಳು ಅಜ್ಜಿ.

ಅವನು ತಲೆ ತಗ್ಗಿಸಿದ. "ನಾನೇ ಅಜ್ಜಿ."

"ಇಳಿಯೋ ಕೆಳಗೆ!" ಧಣಿ ಬಂದು ತೋಳು ಜಗ್ಗಿದ. ಕ್ವಿಂಟಾಲಣ್ಣ ಜಗಳವಾಡಲಿಲ್ಲ, ಸುಮ್ಮನೆ ಕೂತುಬಿಟ್ಟ. ಕೂತ ರಭಸಕ್ಕೆ ಧಣಿಯೂ ಮುಗ್ಗರಿಸಿ ಹಲಗೆಗೆ ಅಂಗೈ ಊರಿದ. ಇನ್ನೊಬ್ಬ ಕೆಲಸದವನು ಬಂದು ಜಗ್ಗಿದ. ಬೆಟ್ಟ ಅಲ್ಲಾಡಲಿಲ್ಲ. ಧಣಿ ಏಳುತ್ತಲೇ ದನಿ ಬದಲಾಯಿಸಿದ, ಜೇಬು ತಡಕಿ ಕಡ್ಡಿ ಗೀರಿದ.

"ಲೋ, ಮಾತು ಕೇಳೋ. ಕಿವಿ ಹಿಂದಿಂದು ತೆಗಿ. ಒಂದು ದಮ್ಮು ಎಳಿ, ತಲೆ ತಣ್ಣಗಾಗುತ್ತೆ. ಆಮೇಲೆ ಕೂತು ಮಾತಾಡೋಣ."

ಕಡ್ಡಿಯ ಬೆಂಕಿ ಮೂಗಿನ ಹತ್ತಿರ ಬಂತು. ಗಂಧಕದ ವಾಸನೆಗೆ ಕ್ವಿಂಟಾಲಣ್ಣನ ಎಲುಬೆಲ್ಲ ಕರಗಿತು. ಬಾಯಲ್ಲಿ ನೀರೂರಿತು. ಎಲ್ಲರೂ ನೋಡುತ್ತಿದ್ದರು. ಅವನು ಕಿವಿಯ ಹಿಂದಿನ ಸಿಗರೇಟನ್ನು ನಿಧಾನವಾಗಿ ತೆಗೆದ, ಬೆವರಿಗೆ ಬಾಗಿದ್ದನ್ನು ನೇರ ಮಾಡಿದ, ಅಜ್ಜಿಯ ಕೈಗೆ ಕೊಟ್ಟ. ಅಜ್ಜಿ ತುಟಿಗಿಟ್ಟು, ಧಣಿಯ ಕಡ್ಡಿಗೇ ಬಾಗಿ ಹಚ್ಚಿಕೊಂಡಳು.

"ಫಾರಿನ್ನಾ? ಚೆನ್ನಾಗಿದೆ," ಎಂದು ಹೊಗೆ ಬಿಟ್ಟಳು.

ಧಣಿ ಬೆರಳು ಸುಟ್ಟುಕೊಂಡು ಕೈ ಒದರುವಷ್ಟರಲ್ಲಿ ಗೋಡೆಯ ಯಂತ್ರ ಕಿರ್ರೆಂದಿತು. ಕ್ವಿಂಟಾಲಣ್ಣನ ಹೆಂಡತಿ ಬಾಟಲಿಗಳ ಗುಡ್ಡ ಬಿಟ್ಟು ಬಂದು ಗುಂಡಿ ಒತ್ತಿ ನಿಂತಿದ್ದಳು. ಹೊರಬಂದ ಚೀಟಿಯನ್ನು ಹರಿದು ರವಿಕೆಯೊಳಗೆ ಸಿಕ್ಕಿಸಿಕೊಂಡಳು.

"ನಾಳೆ ಆ ಕಿಂಡಿಯವನು ಇನ್ನೇನೋ ತಗಾದೆ ತೆಗೀತಾನೆ," ಎಂದಳು ಗಂಡನಿಗೆ. "ತೆಗೀಲಿ. ಏಳಯ್ಯಾ, ಕೆಲ್ಸ ಆಯ್ತು."

ಅವನು ಏಳಲಿಲ್ಲ. ಅಜ್ಜಿಯನ್ನು ನೋಡಿದ. ಪಕ್ಕಕ್ಕೆ ಸರಿದು ಜಾಗ ಮಾಡಿದ. ಅಜ್ಜಿ ಸಿಗರೇಟು ಕಚ್ಚಿಕೊಂಡೇ ಹಲಗೆ ಹತ್ತಿ ಅವನ ಬದಿಗೆ ಕೂತಳು. ಸಾಲಿನವರು ಒಬ್ಬೊಬ್ಬರಾಗಿ ಗಾಡಿಗಳನ್ನು ಬಿಟ್ಟು ಬಂದರು. ಬಾಟಲಿಯವರು, ರಟ್ಟಿನವರು, ಕಂಕುಳಲ್ಲಿ ಕೂಸು ಇದ್ದವಳು. ಪ್ರತಿ ಕಾಲಿಗೂ ಅಂಕಿ ಏರಿತು, ಏರಿತು, ಕಡೆಗೆ ಏರಲು ಜಾಗವಿಲ್ಲದೆ ಅಂಕಿಯೇ ಅಳಿಸಿಹೋಗಿ ಕೆಂಪು ಗೆರೆಗಳು ಮಿಣುಕತೊಡಗಿದವು. ಯಂತ್ರ ಮರಿಹಕ್ಕಿಯಂತೆ ಕೀಚುಗುಟ್ಟಿತು.

"ಮೆಷಿನ್ ಹಾಳಾಗುತ್ತೆ, ಇಳೀರಲೇ!" ಧಣಿ ಬಾಯಿ ಬಡಿದುಕೊಂಡ. "ಏನ್ರಲೇ ಮಾಡ್ತಿದೀರ ಅದರ ಮೇಲೆ?"

"ಏನಿಲ್ಲ ಧಣಿ," ಎಂದ ಕ್ವಿಂಟಾಲಣ್ಣ, ಎರಡು ಕಾಲನ್ನೂ ಹಲಗೆಯ ಮೇಲೆ ಉದ್ದಕ್ಕೆ ಚಾಚಿ. "ಗಾಡಿ ಹಿಡ್ಕೊಂಡಿದೀವಿ."