ಡಾಫ್ನಿ ಮಿಸ್ ಕಲಿಸದ ಪಾಠ

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಾನು ಹೆತ್ತವನಲ್ಲ, ಸೋದರಮಾವ. ಹಾಗಾಗಿ ನಾನು ಶ್ವೇತಳನ್ನು ಹೊಗಳಿದರೆ ಅದರಲ್ಲಿ ಮುದ್ದಿಗಿಂತ ನಿಜವೇ ಜಾಸ್ತಿ ಎಂದು ತಿಳಿಯಬೇಕು. ತೊಂಬತ್ತರ ದಶಕದಲ್ಲಿ ಹಲಸೂರಿನ ಮದುವೆ ಆರ್ಕೆಸ್ಟ್ರಾ ಅಂಬಣ್ಣ ಎಂದರೆ ಕೆ.ಆರ್. ಪುರದವರೆಗೂ ನನ್ನ ಹೆಸರು ಗೊತ್ತಿತ್ತು. ಅಕ್ಕ ಮಾರಕ್ಕನ ಮಗಳು ಶ್ವೇತ ಲಂಗ ತೊಡುವ ವಯಸ್ಸಿನಿಂದಲೇ ನನ್ನ ತಂಡದ ಕೀಬೋರ್ಡ್ ನುಡಿಸುತ್ತಿದ್ದಳು.

ಅವಳ ಕೈಚಳಕ ನೋಡಿ ನಾನೇ ಅವಳನ್ನು ಪುಲಿಕೇಶಿನಗರದ ಡಾಫ್ನಿ ಮಿಸ್ ಹತ್ತಿರ ಪಿಯಾನೊ ಕಲಿಯಲು ಸೇರಿಸಿದೆ. ಮಿಸ್ ಆಂಗ್ಲೋ-ಇಂಡಿಯನ್ ಹೆಂಗಸು, ಮಾತು ಕಡಿಮೆ, ಕೋಪ ಜಾಸ್ತಿ. ಮಣಿಕಟ್ಟು ಸ್ವಲ್ಪ ಇಳಿದರೂ ಪೆನ್ಸಿಲ್ಲಿನಿಂದ ಒಂದು ಏಟು. ಅವರದೊಂದು ಪದ್ಧತಿಯಿತ್ತು. ಲಂಡನ್ನಿನಿಂದ ಬರುವ ಪರೀಕ್ಷಕರ ಮುಂದೆ ನುಡಿಸಿ, ತಮ್ಮ ಕೈಕೆಳಗೇ ಕಲಿತು ಡಿಪ್ಲೊಮಾ ಪಾಸಾದವರನ್ನು ಮಾತ್ರ ‘ನನ್ನ ಸ್ಟೂಡೆಂಟ್’ ಎನ್ನುತ್ತಿದ್ದರು. ಉಳಿದವರೆಲ್ಲ ಬಂದು ಹೋಗುವವರು. ಕಂಟೋನ್ಮೆಂಟಿನಲ್ಲಿ ಅವರ ಆ ಒಂದು ಮಾತಿಗೆ ವೇದಿಕೆ ಸಿಗುತ್ತಿತ್ತು, ಪಾಠಕ್ಕೆ ಮಕ್ಕಳು ಸಿಗುತ್ತಿದ್ದರು. ಆ ಮಾತು ಅವರ ಬಾಯಿಂದ ಕೇಳಬೇಕು ಎನ್ನುವುದೇ ಶ್ವೇತಳ ಆಸೆ.

ಹಗಲು ಮಿಸ್ ಪಾಠ, ಸಂಜೆ ನಮ್ಮ ಆರ್ಕೆಸ್ಟ್ರಾ. ನಮ್ಮ ಕಸುಬಿನ ಕಾನೂನೇ ಬೇರೆ. ಹಾಡುವವನು ಚರಣ ಮರೆತರೆ ನಾವೂ ಮರೆಯಬೇಕು, ಅವನು ಎಲ್ಲಿಗೆ ಹಾರಿದರೆ ನಾವೂ ಅಲ್ಲಿಗೇ ಹಾರಬೇಕು. ಛತ್ರದ ಬಾಗಿಲಲ್ಲಿ ಯಾರಾದರೂ ದೊಡ್ಡ ಮನುಷ್ಯರು ಕಾಣಿಸಿಕೊಂಡರಂತೂ ಮುಗಿಯಿತು, ಹಾಡು ಎಲ್ಲಿದ್ದರೂ ಅಲ್ಲೇ ಕೈಬಿಟ್ಟು ಸ್ವಾಗತದ ಬಿಟ್ ಬಾರಿಸಬೇಕು.

ತೊಂಬತ್ತಾರರಲ್ಲಿ ಪರೀಕ್ಷೆ ಬಂತು. ಒಳಗೆ ನಡೆದದ್ದನ್ನು ಅವಳೇ ಅಳುತ್ತಾ ಹೇಳಿದಳು. ದೊಡ್ಡ ಕೃತಿಯೊಂದನ್ನು ಅರ್ಧ ನುಡಿಸಿದ್ದಾಳೆ, ಅಷ್ಟರಲ್ಲಿ ಬಾಗಿಲು ತೆರೆದು ಸೂಟು ಹಾಕಿದ ಸಾಹೇಬರೊಬ್ಬರು ಒಳಗೆ ಬಂದರಂತೆ. ತಲೆ ಯೋಚಿಸುವುದಕ್ಕೆ ಮೊದಲೇ ಬೆರಳುಗಳು ಕೃತಿಯನ್ನು ಅಲ್ಲಿಗೇ ಬಿಟ್ಟು ನಮ್ಮ ಸ್ವಾಗತದ ಬಿಟ್ ಶುರು ಮಾಡಿಬಿಟ್ಟವು! ಪರೀಕ್ಷಕರು ಪೆನ್ನು ಕೆಳಗಿಟ್ಟರು. ಶ್ವೇತ ಫೇಲಾದಳು.

ಡಾಫ್ನಿ ಮಿಸ್ ನನ್ನನ್ನು ಮನೆಗೆ ಕರೆಸಿದರು. “ಮಿಸ್ಟರ್ ಅಂಬಣ್ಣ, ನಿಮ್ದು ಮದುವೆ ಬ್ಯಾಂಡ್ ಇವಳ ಕೈ ಹಾಳ್ ಮಾಡ್ತು.”

“ಕೈ ಹಾಳಾಗಿಲ್ಲ ಮೇಡಂ, ಚುರುಕಾಗಿದೆ,” ಎಂದೆ. ಇವತ್ತಿಗೂ ಅದೇ ಅನ್ನುತ್ತೇನೆ.

ಮಿಸ್ ನನ್ನ ಕಡೆ ನೋಡಲೂ ಇಲ್ಲ. “ಶ್ವೇತಾ, ಬ್ಯಾಂಡ್ ಬಿಟ್ಟು ಬಾ. ಇಲ್ಲಾಂದ್ರೆ ಬರ್ಬೇಡ.”

“ಮಾಮನ ಬ್ಯಾಂಡ್ ಬಿಡಲ್ಲ ಮಿಸ್. ನನ್ನ ಮೊದಲು ಕೈ ಹಿಡಿದು ಕೀಬೋರ್ಡ್ ಮುಂದೆ ಕೂರಿಸಿದ್ದು ಅವ್ರು,” ಎಂದಳು ಹುಡುಗಿ. ನನಗೆ ಎದೆ ತುಂಬಿ ಬಂತು. ಆದರೆ ಆ ಮನೆಯ ಗೇಟು ಅವಳಿಗೆ ಮುಚ್ಚಿತು.

ಆಮೇಲೆ ಅವಳು ತಿರುಗದ ದಾರಿಯಿಲ್ಲ. ಹೋಟೆಲೊಂದರ ಲಾಬಿಯಲ್ಲಿ ಚಮಚದ ಸದ್ದಿನ ನಡುವೆ ನುಡಿಸಿದಳು. ದೊಡ್ಡನೆಕ್ಕುಂದಿಯ ಶಾಲೆಯಲ್ಲಿ ಪ್ರಾರ್ಥನೆ ಹೇಳಿಕೊಟ್ಟಳು. ಬೆಳಿಗ್ಗೆ ಗಿರಾಕಿಗಳು ಬರುವ ಮುಂಚೆ ಹೋಟೆಲಿನ ಪಿಯಾನೊದಲ್ಲೇ ಸಾಧನೆ ಮಾಡಿ, ಯಾರ ಹಂಗೂ ಇಲ್ಲದೆ ಡಿಪ್ಲೊಮಾ ಪಾಸಾದಳು. ಸಿಹಿ ಹಿಡಿದು ಹೋದರೆ ಮಿಸ್ ಗೇಟಿನಲ್ಲೇ ತೆಗೆದುಕೊಂಡು “ಗುಡ್” ಎಂದರು, ಅಷ್ಟೇ. ತಾವು ಕಲಿಸಿ ಪಾಸು ಮಾಡಿಸಿದ್ದಲ್ಲವಲ್ಲ! ಕಂಟೋನ್ಮೆಂಟಿನ ಮಕ್ಕಳು ಸಿಗಲಿಲ್ಲವೆಂದು ಕೆ.ಆರ್. ಪುರದಲ್ಲಿ ಹಾರ್ಡ್‌ವೇರ್ ಅಂಗಡಿಯ ಮಹಡಿ ಹಿಡಿದು ಕ್ಲಾಸ್ ತೆರೆದಳು. ಕೆಳಗೆ ಲಾರಿಗಳ ಹಾರನ್, ಮೇಲೆ ರೈಲ್ವೆಯವರ, ಅಂಗಡಿಯವರ ಮಕ್ಕಳ ಸರಳೆ.

ಎರಡು ಸಾವಿರದ ಐದರಲ್ಲಿ ಗೋವಾದ ಗಾಯಕಿಯೊಬ್ಬರ ಕಛೇರಿ ಚರ್ಚಿನ ಹಾಲ್‌ನಲ್ಲಿ ಏರ್ಪಾಡಾಗಿತ್ತು. ಜೊತೆಗೆ ಪಿಯಾನೊ ನುಡಿಸಬೇಕಾದವರಿಗೆ ಹಿಂದಿನ ದಿನ ಜ್ವರ ಬಂತು. ಗಾಯಕಿ ಇಳಿದುಕೊಂಡಿದ್ದು ಶ್ವೇತ ನುಡಿಸುತ್ತಿದ್ದ ಹೋಟೆಲಿನಲ್ಲೇ, ಅಲ್ಲಿನ ಮ್ಯಾನೇಜರ್ ಅವಳ ಹೆಸರು ಹೇಳಿದರು. ಹಾಲ್‌ಗೆ ಹೋಗಿ ನೋಡಿದರೆ ಮುಂದಿನ ಸಾಲಿನಲ್ಲಿ ಡಾಫ್ನಿ ಮಿಸ್! ತಲೆ ಪೂರ್ತಿ ನರೆತಿತ್ತು. ಮಡಿಲಲ್ಲಿ ಸ್ವರಗಳ ಪುಸ್ತಕ ತೆರೆದುಕೊಂಡು, ತಪ್ಪು ಹುಡುಕುವ ಪೊಲೀಸರ ಹಾಗೆ ಕೂತಿದ್ದರು.

ಮೂರನೆಯ ಹಾಡಿನಲ್ಲಿ ಗಾಯಕಿ ಎಡವಿದರು. ಎರಡು ಪುಟದ ಭಾಗವನ್ನೇ ಮರೆತು ಸೀದಾ ಕೊನೆಗೆ ಹಾರಿಬಿಟ್ಟರು. ಬೇರೆ ಯಾರೇ ಆಗಿದ್ದರೂ ಹಾಡು ಒಂದು ಕಡೆ, ಪಿಯಾನೊ ಒಂದು ಕಡೆ ಆಗಿ ಮಾನ ಹೋಗುತ್ತಿತ್ತು. ಶ್ವೇತಳ ಕೈ ಗಾಯಕಿಯ ಉಸಿರಿನ ಜೊತೆಗೇ ಹಾರಿತು. ಸಭೆಗೆ ಏನೂ ಗೊತ್ತಾಗಲಿಲ್ಲ. ಮಿಸ್ ಮಾತ್ರ ಗಾಬರಿಯಿಂದ ಪುಸ್ತಕದ ಹಾಳೆ ಸರಸರ ತಿರುವಿದರು. ಕೊನೆಗೆ ಗಾಯಕಿ ವೇದಿಕೆಯ ಮೇಲೇ ಶ್ವೇತಳನ್ನು ತಬ್ಬಿಕೊಂಡು, ಮುಂದಿನ ಕಛೇರಿಗಳಿಗೆಲ್ಲ ನೀನೇ ಬರಬೇಕು ಎಂದರು. ಮಿಸ್ ಪುಸ್ತಕ ಮುಚ್ಚಿ ಎದ್ದು ಹೋದರು. ನನ್ನ ಮೈಯೆಲ್ಲ ಉರಿದುಹೋಯಿತು.

ಆದರೆ ಮುಂದಿನ ಶನಿವಾರ ಬೆಳಿಗ್ಗೆ ನಾನೂ ಕೆ.ಆರ್. ಪುರದ ಕ್ಲಾಸಿನಲ್ಲಿದ್ದಾಗ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ನೋಡಿದರೆ ಡಾಫ್ನಿ ಮಿಸ್, ಜೊತೆಗೆ ಒಂದು ಹುಡುಗಿ. ಶ್ವೇತ ದಡಕ್ಕನೆ ಎದ್ದು ನಿಂತಳು.

“ಆ ದಿನ ಸಿಂಗರ್ ಎರಡು ಪೇಜ್ ಬಿಟ್ಟಳು, ನೀನೂ ಬಿಟ್ಟೆ,” ಎಂದರು ಮಿಸ್. “ಅದು ನಾನ್ ಕಲ್ಸಿದ್ದಲ್ಲ.”

ನನಗೆ ತಡೆಯಲಾಗಲಿಲ್ಲ. “ನಾನ್ ಕಲ್ಸಿದ್ದು ಮೇಡಂ!”

“ಗೊತ್ತು, ಮಿಸ್ಟರ್ ಅಂಬಣ್ಣ. ನಂಗೆ ಅದು ಬರಲ್ಲ. ಅದಕ್ಕೇ ಬಂದೆ.” ಹುಡುಗಿಯನ್ನು ಮುಂದೆ ತಂದರು. “ನನ್ ಮೊಮ್ಮಗಳು. ಇನ್ಮೇಲೆ ನೀನು ಕಲ್ಸು, ಶ್ವೇತಾ.”

ಶ್ವೇತ ಕೇಳಿಯೇಬಿಟ್ಟಳು. “ಹಾಗಾದ್ರೆ ಮಿಸ್... ನಾನೀಗ ನಿಮ್ಮ ಸ್ಟೂಡೆಂಟಾ?”

“ನೋ,” ಎಂದರು ಮಿಸ್, ಅದೇ ಹಳೆಯ ಸಿಡುಕಿನಲ್ಲಿ. “ನನ್ ಮೊಮ್ಮಗಳನ್ನ ನಾನು ಸ್ಟೂಡೆಂಟ್ ಕೈಗೆ ಕೊಡ್ತೀನಾ? ನೀನು ಟೀಚರ್. ಕೂತ್ಕೊ.” ಆಮೇಲೆ ಮೊಮ್ಮಗಳ ಬೆನ್ನು ತಟ್ಟಿದರು. “ಮಿಸ್‌ಗೆ ಗುಡ್ ಮಾರ್ನಿಂಗ್ ಹೇಳು.”

“ಗುಡ್ ಮಾರ್ನಿಂಗ್, ಮಿಸ್,” ಎಂದಿತು ಮಗು, ಶ್ವೇತಳ ಮುಖ ನೋಡಿ.

ಶ್ವೇತ ಇನ್ನೂ ಡಾಫ್ನಿ ಮಿಸ್ ಮುಖವನ್ನೇ ನೋಡುತ್ತಿದ್ದಳು. ಅವಳ ಪರವಾಗಿ ನಾನೇ ಗುಡ್ ಮಾರ್ನಿಂಗ್ ಹೇಳಿದೆ.